ಸೂರಿನಡಿಯ ನೆಲವನ್ನೂ ಕೊಡಿಸಿದ ದೇವರಾಜ ಅರಸು

ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲೂ ಇದ್ದ ಕಾಲವದು. ನ್ಯಾಮತಿ ಆಗ ಹೊನ್ನಾಳಿಯದೇ ಭಾಗ. ಜಮೀನ್ದಾರರ ಹೊಲದಂಚಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಕಾರನಿಗೆ ಗೋಡೆ ತನ್ನದಾದರೂ ನೆಲ ತನ್ನದಲ್ಲ. ಕೂಲಿ ಹೆಚ್ಚಿಗೆ ಕೇಳಲು ಬಾಯಿ ತೆರೆದರೆ ಸೂರಿಗೇ ಸಂಚಕಾರ. ರಾಜ್ಯದ ಹಳ್ಳಿಹಳ್ಳಿಗಳಲ್ಲಿದ್ದ ಈ ವಸತಿ ಸಮಸ್ಯೆಯ ಬೇರಿಗೆ ಕೈ ಹಾಕಿದವರು ಡಿ. ದೇವರಾಜ ಅರಸು.

1915ರ ಆಗಸ್ಟ್ 20ರಂದು ಜನಿಸಿದ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪದವಿ ಪಡೆದು ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಲ್ಲಿ ಹುಣಸೂರಿನ ಶಾಸಕರಾದರು. ರಾಜಮನೆತನದ ನಂಟಿದ್ದ ಪುಟ್ಟ ಸಮುದಾಯ ಅವರದು. ಬೆನ್ನಿಗೆ ದೊಡ್ಡ ಜಾತಿಯ ಬಲವಿರಲಿಲ್ಲ. ಅವರ ರಾಜಕಾರಣ ಭೂಮಿಯಿಲ್ಲದವರತ್ತ ವಾಲಲು ಅದೂ ಒಂದು ಕಾರಣವಿರಬೇಕು.

1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಪಡಿಸಿದ್ದು ಎಲ್ಲರಿಗೂ ಗೊತ್ತು. ಅದೇ ಕಾಯ್ದೆಯ 38ನೇ ಕಲಂ ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪರರ ಜಮೀನಿನಲ್ಲಿ ವಾಸವಿದ್ದ ಕೃಷಿ ಕಾರ್ಮಿಕನನ್ನು ಆ ಮನೆಗೂ ಅದರಡಿಯ ನಿವೇಶನಕ್ಕೂ ಒಡೆಯನೆಂದು ನೋಂದಾಯಿಸಲು ಅರಸು ಆಡಳಿತದಲ್ಲಿ ಈ ಕಲಂ ಅವಕಾಶ ನೀಡಿತು. ಇದರೊಂದಿಗೆ ನಿವೇಶನರಹಿತರಿಗೆ ಉಚಿತ ನಿವೇಶನ, ಜನತಾ ಮನೆಗಳ ನಿರ್ಮಾಣವೂ ನಡೆಯಿತು. ಜನತಾ ಕಾಲೊನಿ ಎಂಬ ಹೆಸರು ಎಷ್ಟೋ ಊರುಗಳಲ್ಲಿ ಇಂದಿಗೂ ಉಳಿದಿದೆ. ಆ ಮನೆಗಳು ಇಕ್ಕಟ್ಟಾಗಿದ್ದವು, ಊರಾಚೆ ಇದ್ದವು ಎಂಬ ಆಕ್ಷೇಪ ನ್ಯಾಯವೇ. ಆದರೆ ಯಾರೂ ಎಬ್ಬಿಸಲಾಗದ ನೆಲ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

38ನೇ ಕಲಂನ ವ್ಯಾಪ್ತಿಯೂ ಕಿರಿದಾಗಿತ್ತು. ನ್ಯಾಮತಿ ಸೀಮೆಯ ಲಂಬಾಣಿ ತಾಂಡಾ, ಜಗಳೂರು ಕಡೆಯ ಗೊಲ್ಲರಹಟ್ಟಿಯಂಥ ಜನವಸತಿಗಳು ಎಷ್ಟೋ ಕಡೆ ಕಂದಾಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ಇತ್ತ ಭದ್ರಾ ನಾಲೆ ಹರಿದ ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಹೊಲ ಗದ್ದೆಯಾಗಿ, ಗದ್ದೆ ಅಡಕೆ ತೋಟವಾಗಿ, ನಿವೇಶನಕ್ಕೆ ಒದಗುವ ನೆಲದ ಬೆಲೆ ಬಡವನ ಕೈಗೆಟುಕದಷ್ಟು ಏರಿತು.

1979ರಲ್ಲಿ ಇಂದಿರಾ ಗಾಂಧಿಯವರೊಂದಿಗೆ ಮುನಿಸು, 1980ರ ಜನವರಿಯಲ್ಲಿ ಅಧಿಕಾರ ತ್ಯಾಗ. 1982ರ ಜೂನ್ 6ರಂದು ಅರಸು ನಿಧನರಾದರು. ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೂ ಮನೆಯ ಒಡೆತನ ನೀಡುವ 38ಎ ಕಲಂ ಅದೇ ಕಾಯ್ದೆಗೆ ಸೇರಿದ್ದು 2017ರಲ್ಲಿ, ಅವರು ತೀರಿಕೊಂಡ 35 ವರ್ಷಗಳ ನಂತರ.