ನಾಲ್ಕು ಬೆಳ್ಳಿ ಚಮಚಗಳ ಲೆಕ್ಕ

1776ರಲ್ಲಿ ಇಂಗ್ಲೆಂಡಿನ ತೆರಿಗೆ ಅಧಿಕಾರಿಗಳು ಜಾನ್ ವೆಸ್ಲಿಗೆ ಪತ್ರ ಬರೆದರು: ನಿಮ್ಮ ಬೆಳ್ಳಿ ಸಾಮಾನಿನ ಲೆಕ್ಕ ಯಾಕೆ ಕೊಟ್ಟಿಲ್ಲ ಅಂತ. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಟೀ ಚಮಚ ಇವೆ, ಸುತ್ತ ಜನ ಹಸಿದಿರುವಾಗ ಇನ್ನೂ ಕೊಳ್ಳಲಾರೆ ಎಂದು ಆತ ತಿಳಿಸಿದ. ಅಧಿಕಾರಿಗಳ ಅನುಮಾನವೂ ಸಹಜವೇ ಬಿಡಿ. ಪುಸ್ತಕ ಮಾರಾಟದಿಂದ ವೆಸ್ಲಿಗೆ ಒಳ್ಳೇ ದುಡ್ಡು ಬರ್ತಿತ್ತು.

ಮೈಸೂರಿನ ಹಳೇ ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಹೆಸರು ಕೇಳಿದ್ದೀರಲ್ಲ, ಅದರ ಮೂಲಪುರುಷ ಈತ. ಮೆಥಡಿಸ್ಟ್ ಚಳವಳಿ ಕಟ್ಟಿದವನು. ಹುಟ್ಟಿದ್ದು 1703ರಲ್ಲಿ, ಎಪ್ವರ್ತ್‌ನಲ್ಲಿ. ಪಾದ್ರಿಯಾಗಿದ್ದ ಅಪ್ಪ ಸಾಲ ತೀರಿಸಲಾಗದೆ ಜೈಲಿಗೆ ಹೋದಾಗ ಮಗನಿಗೆ ಎರಡು ವರ್ಷ.

ಎಂಜಿನಿಯರಿಂಗ್ ಓದಿದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಕ್ಸ್‌ಫರ್ಡ್ ದಿನಗಳ ಅಂಕಿಗಳು. ಮೊದಲ ವರ್ಷದ ಆದಾಯ 30 ಪೌಂಡು; 28ರಲ್ಲಿ ಜೀವನ, 2 ದಾನ. ಮುಂದೆ ಆದಾಯ 60, 90, 120 ಆಯಿತು. ಖರ್ಚು ಮಾತ್ರ ಅದೇ 28!

ಬೈಬಲ್ ಹಣದ ಬಗ್ಗೆ ಒಂದೇ ಮಾತಾಡಲ್ಲ. ಅಬ್ರಹಾಮನ ಕುರಿಮಂದೆ, ಬೆಳ್ಳಿಬಂಗಾರ ಎಲ್ಲ ದೇವರ ಆಶೀರ್ವಾದ. ಯೇಸುವೋ, ಸಿರಿವಂತ ಯುವಕನಿಗೆ ಎಲ್ಲ ಮಾರಿ ಬಡವರಿಗೆ ಹಂಚು ಅಂತಾನೆ. ಇವತ್ತಿನ ಸಮೃದ್ಧಿ ಪ್ರಚಾರಕರು ಮೊದಲ ಪುಟ ಓದಿ ಪುಸ್ತಕ ಮುಚ್ಚಿಬಿಡ್ತಾರೆ. ವೆಸ್ಲಿ ಎರಡನ್ನೂ ಒಟ್ಟಿಗೆ ಹಿಡಿಯಲು ನೋಡಿದ. 1760ರಲ್ಲಿ ಅಚ್ಚಾದ ಪ್ರವಚನದಲ್ಲಿ ಆತ ಕೊಟ್ಟ ಸೂತ್ರ ಮೂರು: ಆದಷ್ಟು ದುಡಿ, ಆದಷ್ಟು ಉಳಿಸು, ಆದಷ್ಟು ಕೊಡು. ಆದರೆ ದುಡಿಮೆಗೇ ಬೇಲಿ ಇತ್ತು. ನೆರೆಯವನ ದೇಹಕ್ಕೋ ಬದುಕಿಗೋ ಕೇಡಾಗುವ ಲಾಭ ಕೂಡದು. ಹೆಂಡದ ವ್ಯಾಪಾರವಂತೂ ಬೇಡವೇ ಬೇಡ. 1774ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧವೂ ಬರೆದ. ಬರೀ ಉಪದೇಶವೂ ಅಲ್ಲ, 1746ರಲ್ಲೇ ಲಂಡನ್ನಿನಲ್ಲಿ ಬಡವರಿಗೆ ಸಾಲನಿಧಿ ತೆರೆದಿದ್ದ: ಒಮ್ಮೆಗೆ 20 ಶಿಲಿಂಗ್, ಮೂರು ತಿಂಗಳಲ್ಲಿ ವಾಪಸು.

ಸೋತದ್ದು ಅನುಯಾಯಿಗಳ ವಿಷಯದಲ್ಲಿ. ಕುಡಿತ ಬಿಟ್ಟು, ಮೈಮುರಿದು ದುಡಿದು, ಕಾಸಿಗೆ ಕಾಸು ಕೂಡಿಸಿ ಅವರು ಸ್ಥಿತಿವಂತರಾದರು. ಮೂರನೇ ಸೂತ್ರ ಮಾತ್ರ ಮರೆತರು. ಮುದುಕ ವೆಸ್ಲಿಗೆ ಇದು ಕಾಣದೇ ಇರಲಿಲ್ಲ. ನಂಬಿಕೆ ಶ್ರಮವನ್ನು ಕಲಿಸುತ್ತೆ, ಶ್ರಮ ಸಂಪತ್ತು ತರುತ್ತೆ, ಸಂಪತ್ತು ಆ ನಂಬಿಕೆಯನ್ನೇ ತಿನ್ನುತ್ತೆ ಅನ್ನೋದು ಆತನ ಕೊನೆಗಾಲದ ಕೊರಗು. ವೈಯಕ್ತಿಕ ದಾನದ ಮೇಲೇ ಇಷ್ಟೊಂದು ಭಾರ ಹಾಕಿದ್ದು ಆತನ ಮಿತಿ ಅಂತ ನನಗನಿಸುತ್ತೆ.

1791ರಲ್ಲಿ ತೀರಿಕೊಂಡ. ಶವಪೆಟ್ಟಿಗೆಯನ್ನು ಆರು ಮಂದಿ ಬಡವರು ಹೊರಬೇಕು, ಅವರಿಗೆ ಆರು ಪೌಂಡು ಹಂಚಬೇಕು ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದ.