ಜಮ್‌ಷೆಟ್‌ಜಿ ಟಾಟಾ: ರೇಷ್ಮೆಯ ಹುಳು, ವಿಜ್ಞಾನದ ಮಂದಿರ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಯಲಿನಲ್ಲಿ, ಒಂದು ಕಾಲಕ್ಕೆ ಅಮೃತಮಹಲ್ ಕಾವಲಾಗಿದ್ದ ನೆಲದ ಮೇಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ನೆಲೆಯಿದೆ. ಆ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ನೆರೆಯ ಮೊಳಕಾಲ್ಮೂರಿನಲ್ಲಿಯೋ, ರೇಷ್ಮೆಯ ಸೀರೆ ನೇಯುವ ಮಗ್ಗಗಳ ಸದ್ದು. ವಿಜ್ಞಾನಕ್ಕೂ ರೇಷ್ಮೆಗೂ ಏನು ಸಂಬಂಧವೆಂದು ಕೇಳುವವರಿಗೆ ಆ ಮಹನೀಯರ ಜೀವನವೇ ಉತ್ತರ ಹೇಳೀತು.

ಜಮ್‌ಷೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ, ಪಾರಸಿ ಪುರೋಹಿತರ ಮನೆತನದಲ್ಲಿ ಜನಿಸಿದರು. ತಂದೆ ಪೌರೋಹಿತ್ಯವನ್ನು ಬಿಟ್ಟು ಮುಂಬಯಿಯಲ್ಲಿ ವ್ಯಾಪಾರಕ್ಕಿಳಿದಿದ್ದರು. ಮಗ ಎಲ್ಫಿನ್‌ಸ್ಟನ್ ಕಾಲೇಜಿನ ವ್ಯಾಸಂಗ ಮುಗಿಸಿ ಅದೇ ಹಾದಿಯನ್ನು ಹಿಡಿದರು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿ ಆರಂಭವಾಯಿತು. ಹೊಸ ಬಗೆಯ ಕದಿರುಗಳನ್ನು ಲಂಕಾಷೈರಿನ ಗಿರಣಿಯವರೇ ಸಂಶಯದಿಂದ ನೋಡುತ್ತಿದ್ದಾಗ ಇವರು ತರಿಸಿ ಪರೀಕ್ಷಿಸಿದರು. ಉಕ್ಕು, ಜಲವಿದ್ಯುತ್ತುಗಳ ಕನಸುಗಳನ್ನು ಕುರಿತು ಬರೆದವರು ಬಹುಮಂದಿ. ನಾನು ಅತ್ತ ಹೋಗುವುದಿಲ್ಲ.

ಹೆಚ್ಚು ಜನ ನೆನೆಯದಿರುವುದು ಅವರ ರೇಷ್ಮೆಯ ಸಾಹಸವನ್ನು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬು, 19ನೆಯ ಶತಮಾನದ ಉತ್ತರಾರ್ಧದಲ್ಲಿ ಹುಳುಗಳಿಗೆ ತಗುಲಿದ ರೋಗದಿಂದ ಸೊರಗಿತ್ತು. ಸಾಕಿದವನು ಹಗಲಿರುಳು ಸೊಪ್ಪು ಹಾಕಿ ಕಾದರೂ, ಗೂಡು ಕಟ್ಟುವ ಮೊದಲೇ ತಟ್ಟೆಗೆ ತಟ್ಟೆಯೇ ಸತ್ತುಹೋದರೆ ಸಂಸಾರ ಸಾಲಕ್ಕೆ ಬೀಳದೆ ಉಂಟೆ? ಇದೇ ವಿಪತ್ತು ಫ್ರಾನ್ಸಿಗೂ ಬಂದಿತ್ತು. 1865ರಿಂದ ಐದು ವರ್ಷ ಅದನ್ನು ಬೆನ್ನಟ್ಟಿದ ಲೂಯಿ ಪಾಶ್ಚರ್, ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ತೋರಿಸಿಕೊಟ್ಟ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ಇಷ್ಟೇ ಉಪಾಯ! ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಇದೇ ಪರೀಕ್ಷೆ; ಇದಿಲ್ಲದೆ ಮೊಳಕಾಲ್ಮೂರಿನ ಮಗ್ಗಕ್ಕೆ ಎಳೆ ಬರುವುದು ಕಷ್ಟ.

1893ರಲ್ಲಿ ಜಪಾನಿಗೆ ಹೋಗಿ ಬಂದ ಟಾಟಾ ಅವರು, ಶತಮಾನ ಮುಗಿಯುವ ಮುನ್ನವೇ ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟವನ್ನು ಹೂಡಿದರು. ಮೈಸೂರು ಸರ್ಕಾರ ಭೂಮಿಯನ್ನೂ ಸಹಾಯಧನವನ್ನೂ ಕೊಟ್ಟಿತು. ಜಪಾನಿನಿಂದ ತಜ್ಞರು ಬಂದರು. ಹಿಪ್ಪುನೇರಳೆಯ ಬೇಸಾಯ, ಹುಳುವಿನ ಸಾಕಣೆ, ರೋಗದ ನಿವಾರಣೆ, ನೂಲು ಬಿಚ್ಚಾಣಿಕೆ, ಎಲ್ಲವನ್ನೂ ಅಲ್ಲಿ ಕಲಿಸಲಾಯಿತು. ಬೆಂಗಳೂರಿನಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಾಗಿ ಮಾತ್ರ ಅದೀಗ ಉಳಿದಿದೆ.

ಅದೇ ವರ್ಷಗಳಲ್ಲಿ ಇನ್ನೂ ದೊಡ್ಡ ಯೋಜನೆಯೊಂದು ಅವರನ್ನು ಕಾಡುತ್ತಿತ್ತು. 1898ರಲ್ಲಿ ಅವರು ತಮ್ಮ ಆಸ್ತಿಯ ಸುಮಾರು ಅರ್ಧದಷ್ಟನ್ನು ಒಂದು ಸಂಶೋಧನಾಲಯಕ್ಕಾಗಿ ತೆಗೆದಿಟ್ಟರು: ಮುಂಬಯಿಯ 14 ಕಟ್ಟಡಗಳು, 4 ಭೂಸ್ವತ್ತುಗಳು, ಬೆಲೆ 30 ಲಕ್ಷ ರೂಪಾಯಿ. ವೈಸರಾಯ್ ಕರ್ಜನ್‌ಗೆ ನಂಬಿಕೆ ಬರಲಿಲ್ಲ. ಇಂಥ ಉನ್ನತ ವ್ಯಾಸಂಗಕ್ಕೆ ವಿದ್ಯಾರ್ಥಿಗಳೆಲ್ಲಿ, ಓದಿದವರಿಗೆ ಉದ್ಯೋಗವೆಲ್ಲಿ ಎಂಬುದು ಅವನ ಶಂಕೆ. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶವನ್ನು ಸುತ್ತಿ ಬೆಂಗಳೂರೇ ತಕ್ಕ ಸ್ಥಳವೆಂದು ಹೇಳಿದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಒತ್ತಾಸೆಯಿಂದ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಸರ್ಕಾರ ನೆಲ ಕೊಡಲು ಒಪ್ಪಿತು. ಹಾಗೆ ದೊರೆತುದು 371 ಎಕರೆ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಜಲಾಶಯ ಹೊತ್ತಿರುವುದೂ ಆ ತಾಯಿಯ ಹೆಸರನ್ನೇ. ಆ ನದಿ ಮುಂದೆ ಚಳ್ಳಕೆರೆಯ ಸೀಮೆಯಲ್ಲಿ ಹರಿಯುತ್ತದೆ.

ಆದರೆ ಕಡತಗಳು ಮೆಲ್ಲನೆ ಸರಿದವು. 1904ರ ಮೇ 19ರಂದು, ಜರ್ಮನಿಯ ಬಾಡ್ ನೌಹೈಮಿನಲ್ಲಿ ಟಾಟಾ ಅವರು ತೀರಿಕೊಂಡರು; ಒಂದು ಇಟ್ಟಿಗೆಯನ್ನೂ ಕಾಣಲಿಲ್ಲ. ಮಕ್ಕಳಾದ ದೊರಾಬ್‌ಜಿ, ರತನ್‌ಜಿಯವರು ತಂದೆಯ ಮಾತನ್ನು ಉಳಿಸಿದರು. 1909ರ ಮೇ 27ರಂದು ಸರ್ಕಾರದ ಆಜ್ಞೆ ಹೊರಟಿತು. 1911ರಲ್ಲಿ ಪಾಠಗಳು ತೊಡಗಿದವು. ಐದೇ ವರ್ಷಗಳಲ್ಲಿ, ಯುದ್ಧದಿಂದಾಗಿ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಾಗ, ಆ ಪ್ರಯೋಗಶಾಲೆಯಲ್ಲಿ ಬಟ್ಟಿಯಿಳಿಸಿದ ಗಂಧದೆಣ್ಣೆಯಿಂದ ಮೈಸೂರಿಗೊಂದು ಉದ್ಯಮವೇ ಹುಟ್ಟಿತು. ನಮ್ಮ ಬಚ್ಚಲ ಮನೆಯ ಗಂಧದ ಸಾಬೂನಿನ ಮೂಲ ಅದು. ಕರ್ಜನ್ ಕೇಳಿದ ಪ್ರಶ್ನೆಗೆ ಇದಕ್ಕಿಂತ ಬೇರೆ ಜವಾಬು ಬೇಡ.

2010ರ ಸುಮಾರಿಗೆ ಆ ಸಂಸ್ಥೆಗೆ ಕುದಾಪುರದಲ್ಲಿ 1500 ಎಕರೆ ದೊರೆಯಿತು. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶಗಳ ಸಂಸ್ಥೆಗಳಿಗೂ ಕಾವಲಿನ ನೆಲ ಹಂಚಿಹೋಯಿತು. ಆದರೆ ಅದು ಬರಿಯ ಬಯಲಾಗಿರಲಿಲ್ಲ. ಸುತ್ತಣ ಹಳ್ಳಿಗಳ ದನಕುರಿ ಮೇಯುತ್ತಿದ್ದುದು ಅಲ್ಲಿ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುತ್ತಿದ್ದುದು ಆ ಕುರಿಗಳಿಂದ. ಮೇಯಿಸುವವರ ಅಹವಾಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ರೇಷ್ಮೆಯ ಹುಳುವಿಗೆ ಸೂಕ್ಷ್ಮದರ್ಶಕವನ್ನು ತಂದವರ ಹೆಸರು ಹೊತ್ತ ಸಂಸ್ಥೆ ಕುರಿಯವರಿಗೆ ಏನನ್ನು ಕೊಟ್ಟಿತೆಂದು ಅವರು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯೆಂದು ನನಗೆ ತೋರುವುದಿಲ್ಲ. ಕುದಾಪುರದ ಆವರಣದಲ್ಲಿ ನಾಡಿನ ಶಾಲೆಗಳ ವಿಜ್ಞಾನದ ಉಪಾಧ್ಯಾಯರಿಗೆ ತರಬೇತಿ ನಡೆಯುತ್ತದೆ. ಅವರ ತರಗತಿಗಳಲ್ಲಿ ಕೂರುವವರಲ್ಲಿ ನೇಕಾರರ ಮಕ್ಕಳೂ ಕುರಿಗಾಹಿಗಳ ಮಕ್ಕಳೂ ಇರುತ್ತಾರೆ.