ಭಿನ್ನರಾಶಿಗಳ ಗಂಟು ಬಿಡಿಸಿದ ಮಹಾವೀರಾಚಾರ್ಯ

ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಇಂದಿಗೂ ಕಾಡುವ ಭಿನ್ನರಾಶಿ ಸಮೀಕರಣಗಳನ್ನು ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಕ್ರಮಬದ್ಧವಾಗಿ ಬಿಡಿಸಿ ತೋರಿಸಿದ ಗಣಿತಜ್ಞ ಮಹಾವೀರಾಚಾರ್ಯ. ಜೈನ ಪರಂಪರೆಗೆ ಸೇರಿದ ಈತ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದವನು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸೀಮೆ ಅಂದು ಗಂಗವಾಡಿಗೆ ಸೇರಿತ್ತು. ಗಂಗರೊಡನೆ ದೀರ್ಘಕಾಲ ಕಾದಾಡಿದ ಅಮೋಘವರ್ಷ ಕಡೆಗೆ ಮಗಳನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಸ್ನೇಹ ಬೆಳೆಸಿದ. ಎರಡೂ ಅರಸುಮನೆತನಗಳು ಜೈನ ವಿದ್ವತ್ತಿಗೆ ಆಶ್ರಯವಿತ್ತವು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಆ ಪರಂಪರೆಗೆ ಸಾಕ್ಷಿಯಾಗಿ ನಿಂತಿದೆ.

ಮಹಾವೀರನ ಬದುಕಿನ ಕುರುಹು ಉಳಿದಿರುವುದು ಸುಮಾರು 850ರಲ್ಲಿ ಆತ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ. ಆರ್ಯಭಟ, ಬ್ರಹ್ಮಗುಪ್ತರ ಕೃತಿಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದು ಅಂಗವಾಗಿತ್ತು. ಮಹಾವೀರ ಗಣಿತಕ್ಕೆಂದೇ ಪ್ರತ್ಯೇಕ ಗ್ರಂಥ ಬರೆದ. ವ್ಯಾಪಾರ, ಅಡುಗೆ, ಸಂಗೀತ, ವೈದ್ಯ, ವಾಸ್ತು ಎಲ್ಲಕ್ಕೂ ಲೆಕ್ಕವೇ ಆಧಾರವೆಂಬುದು ಆತನ ನಿಲುವು.

ಗ್ರಂಥದ 'ಕಲಾಸವರ್ಣ' ಅಧ್ಯಾಯ ಭಿನ್ನರಾಶಿಗಳಿಗೇ ಮೀಸಲು. ಬೇರೆ ಬೇರೆ ಛೇದಗಳನ್ನು ಒಂದೇ ಛೇದಕ್ಕೆ ತರಲು ಆತ 'ನಿರುದ್ಧ'ವನ್ನು ಬಳಸಿದ. ಇಂದಿನ ಪಠ್ಯಗಳ ಲ.ಸಾ.ಅ. ಇದೇ. ಯುರೋಪಿನಲ್ಲಿ ಈ ಕ್ರಮ ಬಳಕೆಗೆ ಬಂದುದು ಶತಮಾನಗಳ ಬಳಿಕ.

ಹರಿದ ಮುತ್ತಿನ ಹಾರದ ಸಮಸ್ಯೆ ಪ್ರಸಿದ್ಧವಾದುದು. ಮುತ್ತುಗಳಲ್ಲಿ ಮೂರನೆಯ ಒಂದು ಭಾಗ ದಾಸಿಯ ಕೈ ಸೇರಿತು, ಆರನೆಯ ಒಂದು ಭಾಗ ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಬಾರಿ ಚೆದುರಿ ಕೊನೆಗೆ 1161 ಮುತ್ತುಗಳು ಉಳಿದವು. ಒಟ್ಟು ಎಷ್ಟು? 3 ಮತ್ತು 6ರ ಲ.ಸಾ.ಅ. 6. ಆದ್ದರಿಂದ 2/6 ಮತ್ತು 1/6 ಸೇರಿ 3/6, ಅಂದರೆ ಅರ್ಧ ಹೋಯಿತು. ಉಳಿದರ್ಧವನ್ನು ಆರು ಬಾರಿ ಅರ್ಧಿಸಿದರೆ ಸಿಗುವುದು 1/128 ಭಾಗ. 1161ನ್ನು 128ರಿಂದ ಗುಣಿಸಿದರೆ ಉತ್ತರ 1,48,608.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದವನೂ ಈತನೇ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಹೇಳಿ ಎಡವಿದ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ವಲ್ಲಭನೆಂಬುವನು ಕನ್ನಡದಲ್ಲಿ ಟೀಕೆ ಬರೆದ. ಓಲೆಗರಿಗಳಲ್ಲಿ ಉಳಿದುಬಂದ ಕೃತಿಯನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡ ಅನುವಾದವನ್ನೂ ಒಳಗೊಂಡ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಕನ್ನಡ ನಾಡಿನ ಅರಸನ ಆಶ್ರಯದಲ್ಲಿ ಬೆಳೆದ ಈ ಜ್ಞಾನ ನಮ್ಮ ತರಗತಿಗಳಿಗೂ ತಲುಪಬೇಕಿದೆ.